ಹನ್ನೊಂದನೆಯ ರೊಟ್ಟಿ ದುಬೈಗೆ ಹೋದದ್ದು

ನಮಗೆ ಅಂತರರಾಷ್ಟ್ರೀಯ ವ್ಯಾಪಾರ ಕಲಿಸಿದ ಮಾಸ್ತರರ ಪಾಸ್‌ಪೋರ್ಟು ನನ್ನ ಪಾಸ್‌ಪೋರ್ಟಿಗಿಂತ ಹನ್ನೆರಡು ದಿನ ಹೊಸದಾಗಿತ್ತು. ಅದು ಗೊತ್ತಾದದ್ದು ಹೈದರಾಬಾದಿನ ವಿಮಾನ ನಿಲ್ದಾಣದ ಸಾಲಿನಲ್ಲಿ, ಒಬ್ಬರ ಫೋಟೋ ಒಬ್ಬರು ನೋಡಿ ನಗುತ್ತಿದ್ದಾಗ. ಅಲ್ಲಿಯ ತನಕ ಹತ್ತು ತಿಂಗಳು ಆ ಪುಣ್ಯಾತ್ಮ ಸಿಂಗಾಪುರದ ಬಂದರು, ದುಬೈ ಬಂದರು ಅಂತ ತನ್ನ ಮನೆ ಹಿತ್ತಲಿನ ಸುದ್ದಿ ಹೇಳಿದ ಹಾಗೆ ಹೇಳಿದ್ದರು. ನಾವೂ ನಂಬಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆವು.

ರಾಯಚೂರಿನಲ್ಲಿ ಅದೊಂದು ವರ್ಷದ ಆಮದು-ರಫ್ತು ಕೋರ್ಸು. ವಾರಕ್ಕೆ ಮೂರು ದಿನ ಕ್ಲಾಸು. ಹದಿನಾರು ಜನರಲ್ಲಿ ಹದಿಮೂರು ಮಂದಿ ಡಿಗ್ರಿ ಮುಗಿಸಿ, ನೌಕರಿ ಸಿಗುವ ತನಕ ಮನೆಯವರ ಬೈಗುಳ ತಪ್ಪಿಸಿಕೊಳ್ಳಲು ಬಂದ ಹುಡುಗರು. ಹೆಂಗಸರು ಮೂವರು. ಅದರಲ್ಲಿ ನಾನು ಮೂವತ್ಮೂರು ವರ್ಷದವಳು, ಎರಡು ಮಕ್ಕಳ ತಾಯಿ, ಮಾನ್ವಿಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದವಳು. ಎಲ್ಲರೂ ನನಗೆ ಅಕ್ಕಾ ಅನ್ನುತ್ತಿದ್ದರು. ಮಾಸ್ತರರು ಕೂಡ ಒಮ್ಮೊಮ್ಮೆ ಬಾಯಿ ತಪ್ಪಿ ಅಕ್ಕಾ ಅಂದು ಕೆಮ್ಮುತ್ತಿದ್ದರು.

ಆದರೆ ಸುಳ್ಳು ಯಾಕೆ ಹೇಳಲಿ, ಕಲಿಸುವುದು ಅವರಿಗೆ ಬರುತ್ತಿತ್ತು. "ಎಫ್‌ಒಬಿ ಅಂದ್ರ, ಮಾಲು ಹಡಗು ಹತ್ತೋ ತನಕ ನಿಮ್ಮ ತಲಿಬ್ಯಾನಿ, ಹತ್ತಿದ ಮ್ಯಾಲ ಅವರ ತಲಿಬ್ಯಾನಿ," ಅನ್ನುವರು. "ಸಿಐಎಫ್ ಅಂದ್ರ ಹೆಣ್ಣಿನವರು ಮಾಡಿಕೊಡೋ ಮದಿವಿ ಇದ್ದಂಗ. ಗಾಡಿ ಖರ್ಚು, ದಾರ್ಯಾಗ ಏನರ ಆದ್ರ ಅದರ ಖರ್ಚು, ಎಲ್ಲಾ ಕಳಿಸೋರದೇ. ತಗೊಳ್ಳೋರು ಮೀಸಿ ತಿರುವಿಕೊಂತ ಕುಂದರತಾರ." ಪುಸ್ತಕದಲ್ಲಿದ್ದದ್ದು ಒಂದಕ್ಷರ ನೆನಪಿಲ್ಲ. ಇದು ಮಾತ್ರ ಇವತ್ತಿಗೂ ಮರೆತಿಲ್ಲ.

ನಾನು ಆ ಕೋರ್ಸಿಗೆ ಸೇರಿದ್ದು ಅತ್ತೆಯ ರೊಟ್ಟಿಯ ಸಲುವಾಗಿ. ನನ್ನ ಗಂಡನ ತಾಯಿ ಮಾಡುವ ಕಡಕ್ ಜೋಳದ ರೊಟ್ಟಿ ಮಾನ್ವಿಗಷ್ಟೇ ಅಲ್ಲ, ಕಲ್ಲೂರು, ಚೀಕಲಪರ್ವಿ ತನಕ ಮದುವೆ ಮನೆಗಳಿಗೆ ಹೋಗುತ್ತದೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ರುಜು ಅಂದರೆ ಹೆಬ್ಬೆಟ್ಟು. ಆದರೆ ಎಣಿಕೆಯಲ್ಲಿ ಮಾತ್ರ ಆಕೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬೇಯಿಸಿದ ರೊಟ್ಟಿ ಒಟ್ಟುವಾಗ "ಲಾಭ, ಎರಡು, ಮೂರು" ಅಂತ ಶುರು ಮಾಡುವಳು. ಒಂದು ಅನ್ನುವ ಕಡೆ ಲಾಭ ಅನ್ನುವುದು ನಮ್ಮ ಕಡೆ ಕಾಳು ಅಳೆಯುವವರ ರೂಢಿ. ನಡುವೆ ಮೊಮ್ಮಗನಿಗೆ ಬೈಯುವಳು, ಬಾಗಿಲಿಗೆ ಬಂದವಳೊಂದಿಗೆ ಜಗಳಾಡುವಳು, ಮತ್ತೆ "ಎಂಟನೂರಾ ನಲವತ್ತೊಂದು" ಅಂತ ಬಿಟ್ಟ ಕಡೆಯಿಂದ ಹಿಡಿಯುವಳು. ಸಾವಿರ ರೊಟ್ಟಿ ಹೇಳಿದ ಮದುವೆಗೆ ಒಂದು ಕಡಿಮೆ ಆಯಿತು ಅಂತ ಯಾರೂ ನಮ್ಮ ಮನೆ ಬಾಗಿಲಿಗೆ ಬಂದದ್ದಿಲ್ಲ.

ಕೋರ್ಸಿನ ಕೊನೆಗೆ ಐದು ದಿನ ದುಬೈ ಪ್ರವಾಸ ಇತ್ತು. ಹೋದವರು ಒಬ್ಬೊಬ್ಬರೂ ಅಲ್ಲಿಯ ಒಬ್ಬ ವ್ಯಾಪಾರಿಯಿಂದ "ನಿಮ್ಮ ಮಾಲು ಇಷ್ಟು ಬೇಕು" ಅಂತ ಪತ್ರ ಬರೆಸಿಕೊಂಡು ಬರಬೇಕು, ಬರೆಸದಿದ್ದರೆ ಸರ್ಟಿಫಿಕೇಟು ಇಲ್ಲ. ಮನೆಯಲ್ಲಿ ಈ ಸುದ್ದಿ ಹೇಳಿದ ದಿನ ಮೋಟಾರು ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದಿದ್ದ ನನ್ನ ಗಂಡ ಕೈಯಲ್ಲಿನ ತುತ್ತು ಕೆಳಗಿಟ್ಟ. "ದುಬೈಕ್ ಹೋಗಿ ರೊಟ್ಟಿ ಮಾರಾಕ ನಮ್ಮನಿ ಏನ್ ಉಪಾಸ ಬಿದ್ದದೇನು?" ಅಂದ. ಅವತ್ತೇ ದೇವದುರ್ಗದಿಂದ ಅವನ ಸೋದರತ್ತೆ ಬಂದು ಕೂತಿದ್ದಳು, ಅತ್ತೆಗೆ ನಾದಿನಿ. ಊರ ಉಸಾಬರಿ ಎಲ್ಲಾ ತನ್ನ ತಲೆಯ ಮೇಲೆ ಹೊತ್ತ ಹೆಂಗಸು. "ಸೊಸಿ ವಿಮಾನ ಹತ್ತತಾಳ, ಅತ್ತಿ ರೊಟ್ಟಿ ತಟ್ಟತಾಳ. ಕಲಿಗಾಲ ಬಂತಲ್ಲ ವೈನಿ," ಅಂತ ಬಾಯಿಗೆ ಸೆರಗು ಹಿಡಿದಳು.

ನಾನು ಬಾಯಿ ತೆರೆದಿದ್ದೆ, ಅತ್ತೆ ಕೈ ಅಡ್ಡ ಮಾಡಿದಳು. "ಆಕಿ ಹೋಗ್ಲಿ. ಮಕ್ಕಳನ್ನ ನಾ ನೋಡ್ಕೊಂತೀನಿ. ಆಕಿ ಪತ್ರ ತರ್ತಾಳ. ತರಲಿಲ್ಲಂದ್ರ ಆಕಿನ್ನ ಕೇಳಬ್ಯಾಡ್ರಿ, ನನ್ನನ್ನ ಕೇಳ್ರಿ," ಅಂದಳು. ಮನೆಯಲ್ಲಿ ಅತ್ತೆಯ ಮಾತು ಅಂದರೆ ಕಲ್ಲಿನ ಮೇಲೆ ಬರೆದ ಹಾಗೆ. ಅವತ್ತಿನಿಂದ ಆ ಪತ್ರ ನನ್ನದಾಗಿ ಉಳಿಯಲಿಲ್ಲ. ಖಾಲಿ ಕೈಯಲ್ಲಿ ಬಂದರೆ ಮಗನ ಮುಂದೆ, ನಾದಿನಿಯ ಮುಂದೆ ತಲೆ ತಗ್ಗಿಸಬೇಕಾದವಳು ಅತ್ತೆ.

ರಾಯಚೂರಿನಲ್ಲಿ ಬಣ್ಣದ ಚೀಟಿ ಮಾಡಿಸಿದೆ: ಕಡಕ್ ಜೋಳದ ರೊಟ್ಟಿ, ಹತ್ತು, ಇಷ್ಟು ಗ್ರಾಂ. ಅತ್ತೆ ಆರು ಕಟ್ಟು ಕಟ್ಟಿದಳು, ನಾನು ಚೀಟಿ ಅಂಟಿಸಿದೆ. ಪ್ರತಿ ಕಟ್ಟಿಗೂ ಆಕೆ ಹತ್ತು ಎಣಿಸಿ, ಮೇಲೆ ಇನ್ನೊಂದು ಇಟ್ಟಳು. ಅದು ಕೊಸರು. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಎರಡು ಮೆಣಸಿನಕಾಯಿ ಹಾಕುತ್ತಾರಲ್ಲ, ಹಾಗೆ. ಕೊಸರು ಹಾಕದೆ ಕೊಟ್ಟರೆ ನಮ್ಮ ಕಡೆ ಅದು ಕೊಟ್ಟ ಹಾಗೆಯೇ ಅಲ್ಲ. ನಾನು ಕಣ್ಣಾರೆ ನೋಡಿದೆ, ನೋಡಿಯೂ ಹತ್ತು ಅಂತಲೇ ಚೀಟಿ ಅಂಟಿಸಿದೆ. ಯಾಕೆಂದರೆ ಹತ್ತೇ ಇದ್ದವು, ಕೊಸರನ್ನು ಯಾರಾದರೂ ಎಣಿಸುತ್ತಾರೆಯೇ? ಹತ್ತು ತಿಂಗಳು ಅಂತರರಾಷ್ಟ್ರೀಯ ವ್ಯಾಪಾರ ಓದಿದವಳ ತಲೆ ಇದು.

ದುಬೈ ಚೆನ್ನಾಗಿತ್ತು, ಅಷ್ಟು ಹೇಳಿದರೆ ಸಾಕು. ಮೊದಲ ದಿನ ಬಂದರು ತೋರಿಸಿದರು. ಗೈಡು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದ, ಮಾಸ್ತರರು "ದೊಡ್ಡ ಬಂದರು ಅದ ಅಂತಾನ" ಅಂತ ಕನ್ನಡಕ್ಕೆ ತಂದರು. ಮತ್ತೆ ಹತ್ತು ನಿಮಿಷ ಮಾತಾಡಿದ. "ಇನ್ನೂ ದೊಡ್ಡದು ಮಾಡಾಕತ್ತಾರಂತ," ಅಂದರು. ನಮ್ಮ ಜೊತೆ ದೇವದುರ್ಗದ ಮೆಣಸಿನಕಾಯಿ ವ್ಯಾಪಾರಿಯ ಮಗನೊಬ್ಬ ಇದ್ದ. ಅವನು ಕ್ರೇನಿನಿಂದ ಹಿಡಿದು ಹೋಟೆಲ್ಲಿನ ನಲ್ಲಿಯ ತನಕ ಎಲ್ಲದರ ವಿಡಿಯೋ ತೆಗೆಯುತ್ತಿದ್ದ. ಮಸಾಲೆ ಬಜಾರಿಗೆ ಹೋದಾಗ ಒಂದು ಒಣಮೆಣಸಿನಕಾಯಿ ಕಡಿದು, "ಇದಕ್ಕ ಖಾರಾನ ಇಲ್ಲ, ಇದನ್ನ ತಿಂದು ಇವರು ಇಷ್ಟು ದೊಡ್ಡ ಬಿಲ್ಡಿಂಗ್ ಹೆಂಗ ಕಟ್ಟಿದ್ರೀ ಸರ?" ಅಂತ ಮಾಸ್ತರರನ್ನು ಕೇಳಿದ. ಮಾಸ್ತರರು ಖರ್ಜೂರದ ಚೌಕಾಸಿಯಲ್ಲಿ ಮುಳುಗಿದ್ದರು.

ಮೂರು ದಿನ ಕಳೆದರೂ ನನಗೆ ಪತ್ರ ಸಿಗಲಿಲ್ಲ. ಒಬ್ಬ ನಾನು ರುಚಿ ತೋರಿಸಲು ಬೇರೆ ಒಯ್ದಿದ್ದ ಬಿಡಿ ರೊಟ್ಟಿ ಮುರಿದು ನೋಡಿ ಇದು ಹಪ್ಪಳವೇ ಅಂದ. ಇನ್ನೊಬ್ಬ ಇದನ್ನು ಯಾವುದರಲ್ಲಿ ಅದ್ದಬೇಕು ಅಂದ, ನಿನ್ನ ತಲೆಯಲ್ಲಿ ಅನ್ನಬೇಕು ಅನಿಸಿತು, ಅನ್ನಲಿಲ್ಲ. ದೇವದುರ್ಗದವನಿಗೆ ಎರಡನೆಯ ದಿನವೇ ಪತ್ರ ಸಿಕ್ಕಿತ್ತು. ಮನೆಗೆ ಫೋನ್ ಮಾಡಿದಾಗೆಲ್ಲ ಅತ್ತೆ ಪತ್ರದ ಸುದ್ದಿ ಕೇಳುತ್ತಲೇ ಇರಲಿಲ್ಲ. "ಉಂಡೇನು? ಬಿಸಲು ಭಾಳ ಅದೇನು?" ಅಷ್ಟೇ. ಕೇಳಿದ್ದರೆ ಎಷ್ಟೋ ಸಮಾಧಾನ ಇರುತ್ತಿತ್ತು.

ನಾಲ್ಕನೆಯ ದಿನ ಒಂದು ಕಿರಾಣಿ ಅಂಗಡಿಗೆ ಹೋದೆವು. ಯಜಮಾನರು ಹೈದರಾಬಾದಿನವರು, ಅರವತ್ತರ ಆಸುಪಾಸು, ಮೂಗಿನ ತುದಿಯ ಮೇಲೆ ಕನ್ನಡಕ. ನಮ್ಮ ಕಡೆಯ ಉರ್ದು, ದಖ್ಖನಿಯಲ್ಲಿ "ಆವ್, ಬೈಠೋ" ಅಂತ ಕರೆದು ಕೂಡಿಸಿದರು ನೋಡಿ, ನನಗೆ ಮಾನ್ವಿ ಬಸ್‌ಸ್ಟ್ಯಾಂಡಿಗೆ ಬಂದ ಹಾಗಾಯಿತು. ಬಿಡಿ ರೊಟ್ಟಿ ಮುಗಿದಿದ್ದವು, ಒಂದು ಕಟ್ಟು ಬಿಚ್ಚಿ ಕೊಟ್ಟೆ; ಒಂದು ರೊಟ್ಟಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಶೇಂಗಾ ಚಟ್ನಿ ಇದೆಯೇ ಅಂದರು. ಇತ್ತು, ಕೊಟ್ಟೆ. ಎರಡನೆಯದನ್ನೂ ತಿಂದರು. ನಾನು ಮನಸ್ಸಿನಲ್ಲೇ ಪತ್ರ ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡೆ.

ಆಮೇಲೆ ಅವರು ಇನ್ನೊಂದು ಕಟ್ಟು ಬಿಚ್ಚಿ ಎಣಿಸಿದರು. ತಕ್ಕಡಿಯ ಮೇಲೆ ಇಟ್ಟರು. ಚೀಟಿ ಓದಿದರು. ಮುಂದಿನದನ್ನು ಬಿಚ್ಚಿದರು. ಒಟ್ಟು ಆರೂ ಕಟ್ಟು ಬಿಚ್ಚಿ, ತಿಂದ ಎರಡನ್ನೂ ಲೆಕ್ಕಕ್ಕೆ ಹಿಡಿದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಕಾಗದ್ ಪೋ ದಸ್, ಅಂದರ್ ಗ್ಯಾರಾ. ಕೈಕು?" ಅಂದರು. ಕಾಗದದ ಮೇಲೆ ಹತ್ತು, ಒಳಗೆ ಹನ್ನೊಂದು, ಯಾಕೆ?

ಒಂದು ಹೆಚ್ಚಿಗೆ ಬಂದರೆ ನಿಮಗೇ ಲಾಭ ಅಲ್ಲವೇ ಅಂದೆ. ಅವರು ನಗಲಿಲ್ಲ. ಇಲ್ಲಿ ಪೆಟ್ಟಿಗೆ ಒಡೆದು ನೋಡುತ್ತಾರೆ, ಚೀಟಿಗೂ ಒಳಗಿನದಕ್ಕೂ ತಾಳೆ ಆಗದಿದ್ದರೆ ಇಡೀ ಮಾಲು ನಿಲ್ಲುತ್ತದೆ, ಕಡಿಮೆ ಇದ್ದರೂ ಸುಳ್ಳು, ಹೆಚ್ಚಿದ್ದರೂ ಸುಳ್ಳು, ಅಂದರು. ಮಾಲು ಕಟ್ಟುವವರ ಕೈ ನಂಬುವ ಹಾಗಿಲ್ಲದಿದ್ದರೆ ನಾನು ಹೇಗೆ ತರಿಸಲಿ ಅಂತ ಕೇಳಿದರು. ನಾನು ಮಾಸ್ತರರ ಕಡೆ ತಿರುಗಿದೆ. ಅವರು ನನ್ನನ್ನು ಈ ಜನ್ಮದಲ್ಲಿ ನೋಡಿಯೇ ಇಲ್ಲದವರಂತೆ ಗೋಡೆಯ ಮೇಲಿನ ಕ್ಯಾಲೆಂಡರು ಓದುತ್ತಿದ್ದರು.

ಆಗ ನಾನು ಆಡಿದ ಮಾತು ಇದು. ಚಾಚಾ, ಕಟ್ಟಿದ್ದು ನಾನಲ್ಲ, ನಮ್ಮ ಅತ್ತೆ. "ಉನೋ ಅನ್‌ಪಢ್ ಹೈ. ಉನೋಕು ಗಿನ್ನಾ ನೈ ಆತಾ." ಆಕೆ ಓದಿದವಳಲ್ಲ, ಆಕೆಗೆ ಎಣಿಸಲು ಬರುವುದಿಲ್ಲ. ಅಷ್ಟಕ್ಕೇ ಬಿಡಲಿಲ್ಲ. ವಯಸ್ಸಾಗಿದೆ, ಕೈಗೆ ಸಿಕ್ಕಷ್ಟು ಇಡುತ್ತಾಳೆ, ಇನ್ನು ಮುಂದೆ ನಾನೇ ಎಣಿಸುತ್ತೇನೆ, ಆಕೆಯನ್ನು ಕಟ್ಟಲು ಬಿಡುವುದಿಲ್ಲ ಅಂತ ಸೇರಿಸಿದೆ. ನಾಲಿಗೆಗೆ ಎಲುಬಿಲ್ಲ ನೋಡಿ. ನಿಂತ ಕಾಲಲ್ಲಿ, ಒಂದು ಕಾಗದಕ್ಕಾಗಿ, ಸಾವಿರ ರೊಟ್ಟಿ ಬಾಯಲ್ಲೇ ಎಣಿಸುವ ಹೆಂಗಸನ್ನು ಎಣಿಕೆ ಬಾರದವಳನ್ನಾಗಿ ಮಾಡಿಬಿಟ್ಟೆ.

ಯಜಮಾನರು ಬಿಚ್ಚಿದ ಆರು ಕಟ್ಟುಗಳನ್ನು ಇನ್ನೊಮ್ಮೆ ನೋಡಿ, ಹೂಂ ಅಂದು, ಕಾಗದ ತೆಗೆದು ಬರೆದರು. ತಿಂಗಳಿಗೆ ಇನ್ನೂರು ಕಟ್ಟು, ಚೀಟಿಯಲ್ಲಿ ಇದ್ದಷ್ಟೇ ಒಳಗೆ, ಹೈದರಾಬಾದಿನಲ್ಲಿರುವ ತಮ್ಮ ತಮ್ಮನಿಗೆ ಮುಟ್ಟಿಸಬೇಕು. ಮಾಸ್ತರರಿಗೆ ತಕ್ಷಣ ನನ್ನ ಗುರುತು ಹತ್ತಿತು. "ನಮ್ಮ ಸ್ಟೂಡೆಂಟ್ ರೀ ಇವರು," ಅಂತ ಮುಂದೆ ಬಂದು ಫೋಟೋಕ್ಕೆ ನಿಂತರು. ನನಗೂ ಸಂತೋಷವೇ ಆಯಿತು. ಆ ಕ್ಷಣಕ್ಕೆ ನಾಚಿಕೆ ಅನ್ನುವುದು ನನ್ನ ಹತ್ತಿರ ಸುಳಿಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮಾನ್ವಿಗೆ ಬಂದಿಳಿದದ್ದು ಮಧ್ಯಾಹ್ನ. ಬಾಗಿಲಲ್ಲೇ ಅತ್ತೆಯ ಕೈಗೆ ಪತ್ರ ಕೊಟ್ಟೆ. ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿದಳು, ಅಂಗಡಿಯ ಮುದ್ರೆ ಮುಟ್ಟಿದಳು, ಮಗನ ಮುಂದೆ ಹಿಡಿದಳು. "ಏನಂದಿದ್ಯಪಾ ನೀ? ಓದು ಈಗ," ಅಂದಳು. ಅವನು ಓದಿ ತಲೆ ಕೆರೆದುಕೊಂಡ. ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ನನ್ನ ಗಂಡುಮಗು ಹುಟ್ಟಿದಾಗಲೂ ನೋಡಿರಲಿಲ್ಲ.

ಒಳಗೆ ಹೋದರೆ ದೇವದುರ್ಗದ ಸೋದರತ್ತೆ ಗೋಡೆಗೆ ಆತು ಕೂತಿದ್ದಾಳೆ, ಕೈಯಲ್ಲಿ ಮೊಬೈಲು. "ಬಾರವಾ ದುಬೈರಾಣಿ. ನಿನ್ನ ಸಿನಿಮಾ ನಮ್ಮೂರಾಗ ಮನಿಮನಿಗೆ ಓಡಾಕತ್ತದ," ಅಂದಳು. ಆ ಮೆಣಸಿನಕಾಯಿ ವ್ಯಾಪಾರಿಯ ಮಗ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ವಿಡಿಯೋ ಮಾಡಿ, ನಮ್ಮ ಅಕ್ಕ ದುಬೈನಲ್ಲಿ ಆರ್ಡರು ಹೊಡೆದದ್ದು ನೋಡಿರಿ ಅಂತ ಊರಿಗೆಲ್ಲ ಕಳಿಸಿದ್ದ. ಅವನದು ಕೆಟ್ಟ ಬುದ್ಧಿಯಲ್ಲ, ಅಭಿಮಾನ. ಸೋದರತ್ತೆಯದು ಏನು ಅಂತ ನಾನು ಹೇಳಬೇಕಾಗಿಲ್ಲ. ಸದ್ದು ದೊಡ್ಡದು ಮಾಡಿ ಅತ್ತೆಯ ಮುಂದೆ ಹಿಡಿದಳು.

ನಾನು ದಖ್ಖನಿ ಕಲಿತದ್ದೇ ಅತ್ತೆಯಿಂದ. ಓಣಿಯ ಅರ್ಧ ಮನೆಗಳಿಗೆ ಆ ಭಾಷೆಯಲ್ಲೇ ರೊಟ್ಟಿ ಮಾರಿ, ಅದೇ ಭಾಷೆಯಲ್ಲಿ ಜಗಳಾಡಿ, ಅದೇ ಭಾಷೆಯಲ್ಲಿ ರಾಜಿಯಾದವಳು ಆಕೆ. "ಉನೋಕು ಗಿನ್ನಾ ನೈ ಆತಾ" ಅಂತ ನನ್ನ ದನಿ ಮೊಬೈಲಿನಿಂದ ಬಂತು. ಅತ್ತೆ ಕೊನೆಯ ತನಕ ನೋಡಿದಳು. ಕೈಯಲ್ಲಿದ್ದ ಪತ್ರವನ್ನು ದೇವರ ಮಾಡದಲ್ಲಿ ಇಟ್ಟು ಬಂದು, "ಕೈಕಾಲು ತೊಳ್ಕೊ, ಉಣ್ಣು," ಅಂದಳು. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ.

ಮೊದಲ ಇನ್ನೂರು ಕಟ್ಟು ಕಟ್ಟುವ ದಿನ ಓಣಿಯ ಮೂರು ಮಂದಿ ಹೆಂಗಸರು ಕೈ ಹಚ್ಚಲು ಬಂದಿದ್ದರು. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ರೊಟ್ಟಿಯ ಒಟ್ಟಿಲನ್ನು ನನ್ನ ಕಡೆ ಸರಿಸಿದಳು. "ನೀ ಎಣಿಸವಾ. ನನಗ ಬರಂಗಿಲ್ಲ," ಅಂದಳು. ಅವರೆಲ್ಲ ಅತ್ತೆ ಮಸ್ಕಿರಿ ಮಾಡುತ್ತಿದ್ದಾಳೆ ಅಂದುಕೊಂಡು ಬಿದ್ದು ಬಿದ್ದು ನಕ್ಕರು. ನಾನು ಎಣಿಸಿದೆ. ಪ್ರತಿ ಹತ್ತಕ್ಕೂ ಆಕೆ "ಹತ್ತ ಅದಾವೇನು? ನೋಡು ಮತ್ತ, ನಾ ಓದಿದಾಕಿ ಅಲ್ಲ," ಅನ್ನುವಳು. ಮುಂದಿನ ತಿಂಗಳೂ ಅದೇ. ಹಾಲು ತಂದವನು ಎಷ್ಟು ಪಾಕೀಟು ಅಂದರೂ "ನಮ್ಮ ಸೊಸಿನ್ನ ಕೇಳಪಾ, ನನಗ ಎಣಿಕಿ ಬರಂಗಿಲ್ಲ." ಮದುವೆಯ ಆರ್ಡರು ಕೊಡಲು ಬಂದವರಿಗೂ ಅದೇ. ಬೇರೆಯವರ ಮುಂದೆ ಒಂದು ಅಪದ್ಧ ಮಾತಿಲ್ಲ, ದನಿ ಏರಿಸುವುದಿಲ್ಲ. ಚರ್ಮ ಸುಲಿದು ಉಪ್ಪು ಹಾಕುವುದು ಅಂದರೆ ಏನು ಅಂತ ನನ್ನನ್ನು ಕೇಳಿ.

ಮೊದಮೊದಲು ನನಗೆ ಸಿಟ್ಟೇ ಬಂತು. ಆರ್ಡರು ತಂದದ್ದು ನಾನು, ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿದ್ದು ನಾನು, ಇವಳ ಮಾತು ಉಳಿಸಲಿಕ್ಕೇ ಅಲ್ಲವೇ ಹಾಗೆ ಅಂದದ್ದು? ಗಂಡನ ಮುಂದೆ ಹೇಳಿಕೊಂಡೆ. ಅವನು ಮೋಟಾರಿನ ತಂತಿ ಸುತ್ತುತ್ತಾ, "ನೀವಿಬ್ಬರೂ ಒಂದ ಅದೀರಿ, ನನ್ನ ನಡುವ ಎಳಿಬ್ಯಾಡ್ರಿ," ಅಂದ. ಮೂರನೆಯ ತಿಂಗಳು ಮಾಲು ಕಟ್ಟುವಾಗ ಆಕೆ ಮತ್ತೆ ಒಟ್ಟಿಲು ಸರಿಸಿದಳು. ನನ್ನಿಂದ ಆಗಲಿಲ್ಲ, ಎಣಿಸುತ್ತಾ ಎಣಿಸುತ್ತಾ ಅತ್ತುಬಿಟ್ಟೆ.

"ತಪ್ಪಾತ್ರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ, ಸಾಕು ಮಾಡ್ರಿ," ಅಂದೆ.

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡಳು. "ನಮ್ಮ ಕಡಿ ಕೊಸರು ಹಾಕ್ತೀವ್ರಿ, ನಿಮಗ ಬ್ಯಾಡಂದ್ರ ಹಾಕಂಗಿಲ್ರಿ. ಇಷ್ಟ ಅಂದಿದ್ರ ಮುಗೀತಿತ್ತಲ್ಲ ಬೇ. ಎರಡು ಮಾತು. ನಾ ಏನ್ ಹತ್ತ ಇಡಾಕ ಒಲ್ಲೆ ಅಂತಿದ್ನೇನು?"

ನಾನು ಮತ್ತೆ ತಪ್ಪಾತ್ರಿ ಅಂದೆ. ಆಕೆ ಮುಂದುವರಿಸಿದಳು. "ತಪ್ಪಾತು ಅಂತ ನನಗ್ಯಾಕ ಹೇಳ್ತಿ? ನನಗೇನ್ ಗೊತ್ತಿಲ್ಲೇನು, ನನಗ ಎಣಿಕಿ ಬರ್ತದೋ ಇಲ್ಲೋ ಅಂತ? ಗೊತ್ತಿಲ್ದಾಂವ ಅಲ್ಲಿ ಅದಾನ. ಅಂವಗ ಹೇಳು."

ಮುಖ ನೋಡಿ ಸುಳ್ಳು ಹೇಳಿದೆ ಅಂತ ಆ ಮನುಷ್ಯನಿಗೆ ಹೇಳಿದರೆ ಮುಂದಿನ ತಿಂಗಳು ಆರ್ಡರು ಇರುತ್ತದೆಯೇ? ಹೋದರೆ ಆ ಪತ್ರವೂ ಹೋಯಿತು, ಅದರ ಮೇಲೆ ನಿಂತ ಅತ್ತೆಯ ಮಾತೂ ಹೋಯಿತು. ಅದನ್ನೇ ಬಾಯಿಬಿಟ್ಟು ಹೇಳಿದೆ. "ಹೋದ್ರ ಹೋಗ್ಲಿ. ಹಚ್ಚು ಫೋನು," ಅಂದಳು.

ಹಚ್ಚಿದೆ, ಸ್ಪೀಕರಿನಲ್ಲಿ ಇಟ್ಟೆ. ಕೈ ಹಚ್ಚಲು ಬಂದಿದ್ದ ಹೆಂಗಸರು ಕೆಲಸ ಬಿಟ್ಟು ಕಿವಿ ಕೊಟ್ಟರು. ಸಲಾಂ ಹೇಳಿ, ಎಲ್ಲಾ ಒದರಿಬಿಟ್ಟೆ. ಚಾಚಾ, ಅವತ್ತು ನಾನು ಹೇಳಿದ್ದು ಸುಳ್ಳು. ನಮ್ಮ ಅತ್ತೆಗೆ ಎಣಿಸಲು ಬರುತ್ತದೆ, ನನಗಿಂತ ಚೆನ್ನಾಗಿ ಬರುತ್ತದೆ. ಹನ್ನೊಂದು ಅಂತ ಗೊತ್ತಿದ್ದೇ ಇಟ್ಟದ್ದು, ನಾನೂ ನೋಡಿದ್ದೆ. ನಮ್ಮ ಕಡೆ ಹಾಗೆ ಒಂದು ಮೇಲೆ ಕೊಡುವ ರೂಢಿ. ಪತ್ರ ಕೈ ತಪ್ಪುತ್ತದೆ ಅಂತ ಹೆದರಿ ಆಕೆಯ ಮೇಲೆ ಹಾಕಿದೆ.

ಆ ಕಡೆ ಯಜಮಾನರು ನಕ್ಕರು. "ಮೇರೆಕು ಉಸೀಚ್ ದಿನ್ ಮಾಲೂಮ್ ಥಾ, ಬೇಟಾ," ಅಂದರು. ಅವತ್ತೇ ನನಗೆ ಗೊತ್ತಿತ್ತು ಮಗಳೇ. ಎಣಿಸಲು ಬಾರದ ಹೆಂಗಸು ಒಂದರಲ್ಲಿ ಒಂಬತ್ತು ಇಡುತ್ತಿದ್ದಳು, ಇನ್ನೊಂದರಲ್ಲಿ ಹದಿಮೂರು ಇಡುತ್ತಿದ್ದಳು. ಆರಕ್ಕೆ ಆರೂ ಕಟ್ಟಿನಲ್ಲಿ ಸರಿಯಾಗಿ ಹನ್ನೊಂದು ಹೇಗೆ ಇಡುತ್ತಾಳೆ? ಆ ಕೈ ನೋಡಿಯೇ ನಾನು ಕಾಗದ ಬರೆದದ್ದು, ನಿನ್ನ ಬಾಯಿ ನೋಡಿ ಅಲ್ಲ. ಹಾಗಂದು, ಮುಂದಿನ ತಿಂಗಳು ಇನ್ನೂ ಐವತ್ತು ಕಟ್ಟು ಹೆಚ್ಚಿಗೆ ಕಳಿಸಿ ಅಂತ ಫೋನ್ ಇಟ್ಟರು.

ಹೆಂಗಸರು ಹೋ ಅಂತ ಕೂಗಿದರು. ಒಬ್ಬಳು ನನ್ನ ಬೆನ್ನು ಚಪ್ಪರಿಸಿದಳು. ನಾನೂ ಮೂಗು ಒರೆಸಿಕೊಂಡು, ಗೆದ್ದವಳಂತೆ ಅತ್ತೆಯ ಮುಖ ನೋಡಿದೆ. ಆಕೆ ನಗುತ್ತಿರಲಿಲ್ಲ. ಕಣ್ಣು ತುಂಬಿಕೊಂಡಿದ್ದಳು.

"ಕೇಳಿದೇನು? ನನ್ನ ಮಾರಿ ಸೈತ ನೋಡದಾಂವಗ ತಿಳೀತು," ಅಂದಳು. "ನೀ ಹದಿಮೂರು ವರ್ಷ ನನ್ನ ಮಗ್ಗಲದಾಗ ಕುಂತಾಕಿ."